ಅಕ್ಷರ ಸರಿಸುವ ಗೂಢಲಿಪಿ: ರೋಮ್‌ನಿಂದ ಕನ್ನಡ ಯೂನಿಕೋಡ್‌ವರೆಗೆ

ಸಂದೇಶದ ಒಂದೊಂದು ಅಕ್ಷರವನ್ನೂ ವರ್ಣಮಾಲೆಯಲ್ಲಿ ಇಂತಿಷ್ಟು ಮನೆ ಮುಂದಕ್ಕೆ ಸರಿಸಿ ಬರೆಯುವುದು ಗೂಢಲಿಪಿಗಳಲ್ಲೆಲ್ಲ ತೀರ ಸರಳವಾದದ್ದು. ಪತ್ರ ಕೈಸೇರಿದವರು ಅಷ್ಟೇ ಮನೆ ಹಿಂದಕ್ಕೆ ಸರಿಸಿಕೊಂಡರೆ ಮೂಲ ಮಾತು ಸಿಗುತ್ತದೆ. ಎಷ್ಟು ಮನೆ ಎಂಬ ಸಂಖ್ಯೆಯೇ ಇದರ ಕೀಲಿ. ಎರಡು ಸಾವಿರ ವರ್ಷ ಹಳೆಯದಾದ ಈ ಉಪಾಯ ಬೇರೆ ಬೇರೆ ಲಿಪಿಗಳ ಕೈಯಲ್ಲಿ ಬೇರೆ ಬೇರೆ ರೂಪ ತಾಳಿತು. ಕೂಡಿ ಕಳೆಯುವ ಲೆಕ್ಕ ಯಾರನ್ನೂ ಕಾಡಲಿಲ್ಲ. ಕಾಡಿದ್ದು ಅದಕ್ಕೂ ಮೊದಲಿನ ಪ್ರಶ್ನೆಗಳು: ಈ ಲಿಪಿಯಲ್ಲಿ ಅಕ್ಷರವೆಂದರೆ ಯಾವುದು, ಅಕ್ಷರಗಳು ಯಾವ ಸಾಲಿನಲ್ಲಿ ನಿಲ್ಲುತ್ತವೆ, ಸಾಲು ಮುಗಿದ ಮೇಲೆ ಏನು ಮಾಡಬೇಕು. ಕಂಪ್ಯೂಟರ್ ಬಂದ ಮೇಲೂ ಅವೇ ಪ್ರಶ್ನೆಗಳು ಉಳಿದವು. ಇಂಗ್ಲಿಷಿಗಾಗಿ ಬರೆದ ನಾಲ್ಕು ಸಾಲಿನ ಪ್ರೋಗ್ರಾಮ್ ಹೀಬ್ರೂ, ರಷ್ಯನ್ ಅಥವಾ ಕನ್ನಡದ ಮುಂದೆ ಕೈಚೆಲ್ಲುವುದು ಈ ಕಾರಣಕ್ಕೇ.

ಈ ವಿಧಾನಕ್ಕೆ ಜೂಲಿಯಸ್ ಸೀಸರನ ಹೆಸರು ಅಂಟಿಕೊಂಡದ್ದು ಸ್ಯುಟೋನಿಯಸ್ ಎಂಬ ರೋಮನ್ ಚರಿತ್ರಕಾರನಿಂದ. ಕ್ರಿ.ಶ. 2ನೇ ಶತಮಾನದ ಆರಂಭದಲ್ಲಿ ಬರೆದ ಸೀಸರರ ಜೀವನಚರಿತ್ರೆಗಳಲ್ಲಿ ಅವನು ಈ ವಿವರ ಕೊಡುತ್ತಾನೆ. ಗುಟ್ಟಾಗಿರಬೇಕಾದ ಪತ್ರಗಳಲ್ಲಿ ಸೀಸರ್ ಮೊದಲನೆಯ ಅಕ್ಷರ ‘ಎ’ ಬರಬೇಕಾದ ಕಡೆ ನಾಲ್ಕನೆಯದಾದ ‘ಡಿ’ ಬರೆಯುತ್ತಿದ್ದ. ಉಳಿದವೂ ಹಾಗೆಯೇ ಮೂರು ಮನೆ ಮುಂದೆ ಹೋಗುತ್ತಿದ್ದವು. ಸೀಸರನಿಗೆ ಇನ್ನೊಂದು ದಾರಿಯೂ ಗೊತ್ತಿತ್ತು. ಕ್ರಿ.ಪೂ. 54ರಲ್ಲಿ ಗಾಲ್ ನಾಡಿನಲ್ಲಿ ಶತ್ರುಗಳ ಮುತ್ತಿಗೆಗೆ ಸಿಕ್ಕಿದ್ದ ಕ್ವಿಂಟಸ್ ಸಿಸೆರೋಗೆ ಕಳಿಸಿದ ಪತ್ರವನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಸಿದ್ದಾಗಿ ಅವನೇ ಹೇಳಿಕೊಂಡಿದ್ದಾನೆ. ಓದಲು ಬಾರದವನಿಗೆ ಪರಲಿಪಿಯೂ ಗೂಢಲಿಪಿಯೇ.

ಸೀಸರನ ಉತ್ತರಾಧಿಕಾರಿ ಆಗಸ್ಟಸ್ ಮಾಡುತ್ತಿದ್ದುದು ಇನ್ನೂ ಗಮನಿಸತಕ್ಕದ್ದು. ಅವನು ಸರಿಸುತ್ತಿದ್ದುದು ಒಂದೇ ಮನೆ. ಆದರೆ ಕೊನೆಯ ಅಕ್ಷರ ‘ಎಕ್ಸ್’ ಬಂದಾಗ ತಿರುಗಿ ‘ಎ’ಗೆ ಹೋಗದೆ ಎರಡು ‘ಎ’ಗಳನ್ನು ಜೊತೆಯಾಗಿ ಬರೆಯುತ್ತಿದ್ದನೆಂದು ಸ್ಯುಟೋನಿಯಸ್ ಹೇಳುತ್ತಾನೆ. ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಆಗಿನ ಲ್ಯಾಟಿನ್ ಸಾಲು ‘ಎಕ್ಸ್’ಗೇ ಮುಗಿಯುತ್ತಿತ್ತು. ಮತ್ತು ಆಗಸ್ಟಸನ ಮಟ್ಟಿಗೆ ವರ್ಣಮಾಲೆ ಎರಡು ತುದಿಗಳಿರುವ ಸಾಲಾಗಿತ್ತು, ಚಕ್ರವಾಗಿರಲಿಲ್ಲ. ಕೊನೆಯಿಂದ ಮೊದಲಿಗೆ ಸುತ್ತಿ ಬರುವ ಚಕ್ರ ಇಂದಿನವರಿಗೆ ಸಹಜವೆನಿಸಿದರೂ ಅದನ್ನು ಲೋಹದಲ್ಲಿ ಕೊರೆದು ತೋರಿಸಿದ ಕೀರ್ತಿ 15ನೇ ಶತಮಾನದ ಇಟಲಿಯ ಲಿಯೋನ್ ಬತ್ತಿಸ್ತಾ ಆಲ್ಬೆರ್ತಿಯದು. ವಾಸ್ತುಶಿಲ್ಪಿಯಾಗಿದ್ದ ಅವನು ಸುಮಾರು 1467ರಲ್ಲಿ ಬರೆದ ಗ್ರಂಥದಲ್ಲಿ ಒಂದರೊಳಗೊಂದು ತಿರುಗುವ ಎರಡು ತಟ್ಟೆಗಳನ್ನು ವರ್ಣಿಸಿದ್ದಾನೆ. ಎರಡಕ್ಕೂ 24 ಮನೆ. ಸಂದೇಶದ ನಡುವೆಯೇ ತಟ್ಟೆ ತಿರುಗಿಸಿ ಕೀಲಿ ಬದಲಿಸಬಹುದೆಂಬುದು ಅವನ ದೊಡ್ಡ ಕಾಣಿಕೆ. ಗೂಢಲಿಪಿಯ ಬಗ್ಗೆ ನಂತರ ಬರೆದ ಟ್ರಿಥೀಮಿಯಸ್, ಬೆಲ್ಲಾಸೋ, ವಿಜೆನೇರ್ ಮುಂದೆ ಬೆಳೆಸಿದ್ದು ಆ ಎಳೆಯನ್ನೇ.

ಲ್ಯಾಟಿನ್ ಅಲ್ಲದ ಲಿಪಿಯಲ್ಲಿ ಅಕ್ಷರ ಸರಿಸಿದ ಅತ್ಯಂತ ಸೊಗಸಾದ ಉದಾಹರಣೆ ಯೆಹೂದ್ಯರ ಮನೆಬಾಗಿಲುಗಳಲ್ಲಿದೆ. ಬಾಗಿಲ ಚೌಕಟ್ಟಿಗೆ ಬಡಿಯುವ ಪುಟ್ಟ ಕರಂಡಕದೊಳಗೆ ಧರ್ಮಗ್ರಂಥದ ವಾಕ್ಯಗಳನ್ನು ಬರೆದ ಚರ್ಮದ ಸುರುಳಿ ಇರುತ್ತದೆ. ಅದಕ್ಕೆ ಮೆಜೂಜಾ ಎಂದು ಹೆಸರು. ಮಧ್ಯಯುಗದಿಂದ ಬಂದ ರೂಢಿಯಂತೆ ಅಶ್ಕೆನಾಜಿ ಯೆಹೂದ್ಯರು ಆ ಸುರುಳಿಯ ಬೆನ್ನಿಗೆ ‘ಕೂಜೂ ಬೆಮುಖ್ಸಾಜ್ ಕೂಜೂ’ ಎಂದು ಓದಬಹುದಾದ ಮೂರು ಪದ ಬರೆಯುತ್ತಾರೆ. ಯಾವ ಭಾಷೆಯಲ್ಲೂ ಇವಕ್ಕೆ ಅರ್ಥವಿಲ್ಲ. ಒಂದೊಂದು ಅಕ್ಷರವನ್ನೂ ಒಂದು ಮನೆ ಹಿಂದಕ್ಕೆ ತಂದರೆ ‘ಪ್ರಭು, ನಮ್ಮ ದೇವರು, ಪ್ರಭು’ ಎಂಬ ಹೀಬ್ರೂ ಪದಗಳಾಗುತ್ತವೆ. ದೇವರ ನಾಮದ ನಾಲ್ಕು ಅಕ್ಷರಗಳು ಯೋದ್, ಹೇ, ವಾವ್, ಹೇ. ಯೋದ್ ಆದಮೇಲೆ ಕಾಫ್, ಹೇ ಆದಮೇಲೆ ವಾವ್, ವಾವ್ ಆದಮೇಲೆ ಜಾಯಿನ್. ಹೀಗೆ ಕಾಫ್, ವಾವ್, ಜಾಯಿನ್, ವಾವ್ ಸೇರಿ ‘ಕೂಜೂ’. ಇಲ್ಲಿ ಬಚ್ಚಿಡುವ ಉದ್ದೇಶ ಕಾಣುವುದಿಲ್ಲ. ನೇರವಾಗಿ ಬರೆಯಲು ಸಲ್ಲದ ಹೆಸರನ್ನು ಗೌರವದಿಂದ ಮರೆಮಾಡುವ ರೀತಿ ಇದು.

ಹೀಬ್ರೂನಲ್ಲಿ ಇದಕ್ಕಿಂತ ಹಳೆಯ ಪದ್ಧತಿಯೊಂದಿದೆ, ಅತ್ಬಾಶ್. 22 ಅಕ್ಷರಗಳ ಸಾಲನ್ನು ತಿರುಗಿಸಿಟ್ಟು ಮೊದಲನೆಯದಕ್ಕೆ ಕೊನೆಯದು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು ಎಂದು ಜೋಡಿಸುವುದು ಅದರ ಕ್ರಮ. ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಬರುವ ‘ಶೇಶಖ್’ ಎಂಬ ಹೆಸರು ಹೀಗೆ ಬಿಡಿಸಿದಾಗ ‘ಬಾಬೆಲ್’, ಅಂದರೆ ಬ್ಯಾಬಿಲೋನ್ ಆಗುತ್ತದೆ. ಬೇತ್ ಮುಂದಿನಿಂದ ಎರಡನೆಯದು, ಶೀನ್ ಹಿಂದಿನಿಂದ ಎರಡನೆಯದು. ಲಾಮೆದ್ 12ನೆಯದು, ಕಾಫ್ 11ನೆಯದು. ಇದರಲ್ಲಿ ಕೀಲಿಯ ಸಂಖ್ಯೆಯೇ ಇಲ್ಲ. ಸಾಲು ಗೊತ್ತಿದ್ದರೆ ಎಲ್ಲವೂ ಗೊತ್ತು.

ಭಾರತದಲ್ಲಿ ಗೂಢಬರಹದ ಉಲ್ಲೇಖ ಅರ್ಥಶಾಸ್ತ್ರದಲ್ಲಿದೆ. ಗೂಢಚಾರರು ಸಂಜ್ಞಾಲಿಪಿಯಿಂದ ಸುದ್ದಿ ಸಾಗಿಸಬೇಕೆಂದು ಅದು ಹೇಳುತ್ತದೆ, ವಿಧಾನ ಮಾತ್ರ ವಿವರಿಸುವುದಿಲ್ಲ. ವಾತ್ಸ್ಯಾಯನನ ಕಾಮಸೂತ್ರ ಪಟ್ಟಿಮಾಡುವ 64 ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’ ಒಂದು. ಅದನ್ನು ಬಿಡಿಸಿ ಹೇಳಿದವನು 13ನೇ ಶತಮಾನದಲ್ಲಿ ಜಯಮಂಗಲಾ ಎಂಬ ವ್ಯಾಖ್ಯಾನ ಬರೆದ ಯಶೋಧರ. ಅವನು ಕೊಡುವ ಪದ್ಧತಿಗಳಲ್ಲಿ ಒಂದು ಕೌಟಿಲೀಯ, ಇನ್ನೊಂದು ಮೂಲದೇವೀಯ. ಮೂಲದೇವೀಯದಲ್ಲಿ ಅ–ಕ, ಖ–ಗ, ಘ–ಙ, ಚ–ಟ, ಞ–ಣ, ತ–ಪ, ನ–ಮ, ಯ–ಶ, ರ–ಷ, ಲ–ಸ ಎಂಬ ಜೋಡಿಗಳಿವೆ. ಜೋಡಿಯಲ್ಲಿ ಒಂದು ಬಂದರೆ ಇನ್ನೊಂದನ್ನು ಬರೆಯಬೇಕು. ಉಳಿದವು ಇದ್ದಂತೆಯೇ ಇರುತ್ತವೆ. ‘ಚಪಲ’ ಎಂಬುದು ‘ಟತಸ’ ಆಗುತ್ತದೆ. ‘ನಮನ’ ಎಂದು ಬರೆಯಲು ಹೋದರೆ ‘ಮನಮ’.

ಈ ಜೋಡಿಗಳನ್ನು ಮೇಲುಮೇಲಿನಿಂದ ನೋಡಿದರೆ ಮನಬಂದಂತೆ ಹೊಂದಿಸಿದ ಹಾಗಿದೆ. ವರ್ಣಮಾಲೆಯನ್ನು ವರ್ಗಗಳಾಗಿ ಒಂದರ ಕೆಳಗೊಂದು ಬರೆದು ನೋಡಿದಾಗ ಒಳಗಿನ ಕ್ರಮ ಹೊರಬರುತ್ತದೆ. ಚಕಾರದಿಂದ ಟಕಾರಕ್ಕೆ ಸರಿಯಾಗಿ ಐದು ಮನೆ. ಞ–ಣ, ತ–ಪ, ನ–ಮ ಜೋಡಿಗಳಲ್ಲೂ ಅಷ್ಟೇ ದೂರ: ಒಂದು ಸಾಲು ಕೆಳಗಿಳಿದರೆ ಜೋಡಿ ಸಿಗುತ್ತದೆ. ಅವರ್ಗೀಯಗಳಲ್ಲಿ ಯ–ಶ, ರ–ಷ, ಲ–ಸ ಮೂರಕ್ಕೂ ನಾಲ್ಕು ಮನೆಯ ದೂರ. ಮೂಲದೇವೀಯದ ಬಹುಭಾಗ ಅಕ್ಷರ ಸರಿಸುವ ಪದ್ಧತಿಯೇ; ಸರಿಸಿದ್ದು ಒಂದೇ ಉದ್ದ ಸಾಲಿನಲ್ಲಲ್ಲ, ಉಚ್ಚಾರಣೆಯ ಸ್ಥಾನ ಹಿಡಿದು ಜೋಡಿಸಿದ ಚೌಕದಲ್ಲಿ. ರೋಮನ್ನರ ಬಳಿ ಇದ್ದ ವರ್ಣಮಾಲೆಯ ಅನುಕ್ರಮಕ್ಕೆ ಉಚ್ಚಾರಣೆಯೊಂದಿಗೆ ನಂಟಿರಲಿಲ್ಲ, ಹಾಗಾಗಿ ಇಂಥದ್ದೊಂದು ಅಲ್ಲಿ ಹುಟ್ಟುವಂತಿರಲಿಲ್ಲ.

ಕನ್ನಡದ ನೆಲದಲ್ಲಿ ಅಕ್ಷರಕ್ಕೂ ಅಂಕಿಗೂ ಗಂಟು ಹಾಕಿದ ಪರಂಪರೆ ಬಲವಾಗಿದೆ. ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಿಂದ ರಾಗದ ಸಂಖ್ಯೆ ತಿಳಿಯುವ ಕಟಪಯಾದಿ ಎಲ್ಲರಿಗೂ ಗೊತ್ತಿರುವುದು. ಕುಮುದೇಂದು ಮುನಿಯದೆಂದು ಹೇಳುವ ಸಿರಿಭೂವಲಯ 1ರಿಂದ 64ರವರೆಗಿನ ಅಂಕಿಗಳನ್ನು 27 ಅಡ್ಡ, 27 ಉದ್ದದ ಚಕ್ರಗಳಲ್ಲಿ ತುಂಬಿ, ಒಂದೊಂದು ಅಂಕಿಗೂ ಒಂದೊಂದು ಧ್ವನಿಯನ್ನು ಹೊಂದಿಸುತ್ತದೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇವೆರಡೂ ಬದಲಿ ಪದ್ಧತಿಗಳು, ಸರಿಸುವ ಪದ್ಧತಿಗಳಲ್ಲ. ಮಕ್ಕಳ ‘ಕ ಭಾಷೆ’ಯೂ ಸರಿಸುವುದಿಲ್ಲ, ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸುತ್ತದೆ. ‘ನೀನು ಬಾ’ ಎಂಬುದು ‘ಕನೀಕನು ಕಬಾ’ ಆಗುತ್ತದೆ. ಆದರೂ ಈ ಆಟ ಒಂದು ಮುಖ್ಯ ವಿಷಯ ಹೇಳುತ್ತದೆ. ವ್ಯಾಕರಣ ಓದದ ಮಕ್ಕಳೂ ಮಾತನ್ನು ‘ನ್, ಈ, ನ್, ಉ’ ಎಂದು ಒಡೆಯದೆ ‘ನೀ, ನು’ ಎಂದೇ ಒಡೆಯುತ್ತಾರೆ. ಕನ್ನಡಿಗರ ಕಿವಿಗೆ ಅಕ್ಷರವೆಂದರೆ ಗುಣಿತಾಕ್ಷರ.

ಗೂಢಲಿಪಿಯನ್ನು ಒಡೆಯುವ ಶಾಸ್ತ್ರ ಹುಟ್ಟಿದ್ದು ಅರಬ್ಬಿಯಲ್ಲಿ. 9ನೇ ಶತಮಾನದ ಬಾಗ್ದಾದಿನ ಅಲ್-ಕಿಂದಿ ಬರೆದ ಗ್ರಂಥದ ಹಸ್ತಪ್ರತಿ ಇಸ್ತಾನ್‌ಬುಲ್‌ನ ಸುಲೈಮಾನಿಯೆ ಗ್ರಂಥಾಲಯದಲ್ಲಿ ಸಿಕ್ಕಿ 20ನೇ ಶತಮಾನದ ಕೊನೆಯಲ್ಲಿ ಬೆಳಕಿಗೆ ಬಂತು. ಅದೇ ಭಾಷೆಯ ಸಾಮಾನ್ಯ ಬರಹದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸು, ಗೂಢಬರಹದಲ್ಲೂ ಎಣಿಸು, ಎರಡನ್ನೂ ಹೊಂದಿಸು ಎಂಬುದು ಅವನ ಸೂತ್ರ. ಅರಬ್ಬಿಯ 28 ಅಕ್ಷರಗಳಿಗೆ ಎರಡು ಬೇರೆ ಅನುಕ್ರಮಗಳಿವೆ. ಅಂಕಿಗಳಾಗಿ ಬಳಸುವಾಗಿನ ಹಳೆಯ ಅಬ್ಜದ್ ಕ್ರಮ ಒಂದು, ಒಂದೇ ಆಕಾರದವನ್ನು ಪಕ್ಕಪಕ್ಕ ಇಟ್ಟು ಕಲಿಸುವ ಕ್ರಮ ಇನ್ನೊಂದು. ‘ಮೂರು ಮನೆ ಮುಂದೆ’ ಎಂದರೆ ಎರಡರಲ್ಲೂ ಒಂದೇ ಅಕ್ಷರ ಸಿಗುವುದಿಲ್ಲ. ಕೀಲಿಯ ಜೊತೆಗೆ ಸಾಲನ್ನೂ ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು.

ಹಳೆಯ ರಷ್ಯದ ಲಿಪಿಕಾರರು ಇನ್ನೊಂದು ದಾರಿ ಹಿಡಿದರು. ‘ಸರಳ ಲಿತೊರೆಯಾ’ ಎಂಬ ಅವರ ಪದ್ಧತಿಯಲ್ಲಿ ಸ್ವರಗಳನ್ನು ಮುಟ್ಟುವಂತಿಲ್ಲ. 20 ವ್ಯಂಜನಗಳಲ್ಲಿ ಮೊದಲ ಹತ್ತನ್ನು ಎಡದಿಂದ ಬಲಕ್ಕೆ, ಉಳಿದ ಹತ್ತನ್ನು ಅದರ ಕೆಳಗೆ ಬಲದಿಂದ ಎಡಕ್ಕೆ ಬರೆದು, ಮೇಲಿನದಕ್ಕೆ ಕೆಳಗಿನದನ್ನು ಬದಲಿಸುತ್ತಿದ್ದರು. ಸ್ವರ ಉಳಿದದ್ದರಿಂದ ಗೂಢಪದವನ್ನೂ ಬಾಯಿಬಿಟ್ಟು ಓದಲು ಬರುತ್ತಿತ್ತು. ಕನ್ನಡಕ್ಕೆ ಪ್ರೋಗ್ರಾಮ್ ಬರೆಯುವಾಗ ಇದೇ ಉಪಾಯ ಮತ್ತೆ ಕೆಲಸಕ್ಕೆ ಬರುತ್ತದೆ.

ಕಂಪ್ಯೂಟರ್ ಯುಗದಲ್ಲಿ ಸೀಸರನ ಪದ್ಧತಿಗೆ ಮರುಹುಟ್ಟು ಕೊಟ್ಟದ್ದು ‘ರಾಟ್-13’. 1980ರ ದಶಕದ ಆರಂಭದಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲದ ಬಳಕೆದಾರರು ಒಗಟಿನ ಉತ್ತರ, ಕೆಲವರಿಗೆ ನೋವಾಗಬಹುದಾದ ನಗೆಹನಿ ಇಂಥವು ಓದುಗರ ಕಣ್ಣಿಗೆ ನೇರವಾಗಿ ಬೀಳದಿರಲೆಂದು 13 ಮನೆ ಸರಿಸಿ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ 26 ಅಕ್ಷರ. 13 ಅದರ ಸರಿ ಅರ್ಧ. ಹಾಗಾಗಿ ಮುಚ್ಚಲೂ ಬಿಚ್ಚಲೂ ಒಂದೇ ಪ್ರೋಗ್ರಾಮ್ ಸಾಕು. ಅದನ್ನು ಬರೆಯುವುದು ಸುಲಭವಾದದ್ದಕ್ಕೆ ಕಾರಣ 1963ರಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಸಂಕೇತ. ಅದರಲ್ಲಿ ದೊಡ್ಡ ‘ಎ’ಗೆ 65, ದೊಡ್ಡ ‘ಜಡ್’ಗೆ 90, ನಡುವೆ ಒಂದು ಮನೆಯೂ ಖಾಲಿಯಿಲ್ಲ, ಅನುಕ್ರಮವೂ ಶಾಲೆಯಲ್ಲಿ ಕಲಿಸಿದ್ದೇ. ಅಕ್ಷರದ ಸಂಖ್ಯೆಯಿಂದ 65 ಕಳೆ, ಕೀಲಿ ಕೂಡು, 26ರಿಂದ ಭಾಗಿಸಿ ಶೇಷ ಹಿಡಿ, 65 ಮತ್ತೆ ಕೂಡು. ಆಗಸ್ಟಸನಿಗೆ ಹೊಳೆಯದ ಚಕ್ರ ಈ ಶೇಷದಲ್ಲಿ ಅಡಗಿದೆ. ಪ್ರೋಗ್ರಾಮಿಂಗ್ ಪಾಠಗಳಲ್ಲಿ ಈ ಲೆಕ್ಕ ಎಷ್ಟು ರೂಢಿಯಾಯಿತೆಂದರೆ, ಅಕ್ಷರದ ಸಂಖ್ಯೆ ಮತ್ತು ವರ್ಣಮಾಲೆಯ ಸ್ಥಾನ ಎರಡೂ ಒಂದೇ ಎಂಬ ನಂಬಿಕೆ ಬೇರುಬಿಟ್ಟಿತು.

ಬೇರೆ ಲಿಪಿಗಳಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ರಷ್ಯನ್ನಿಗೆ 1970ರ ದಶಕದಲ್ಲಿ ಸೋವಿಯತ್ ಮಾನಕವಾದ ಕೊಯಿ-8 ಸಂಕೇತದಲ್ಲಿ ಅಕ್ಷರಗಳು ರಷ್ಯನ್ ಅನುಕ್ರಮದಲ್ಲೇ ಇಲ್ಲ. ಎಂಟನೆಯ ಬಿಟ್ ದಾರಿಯಲ್ಲಿ ಕಳೆದುಹೋದರೂ ಸಂದೇಶ ಲ್ಯಾಟಿನ್ ಅಕ್ಷರಗಳಲ್ಲಿ ಹೇಗೋ ಓದಲು ಬರಲಿ ಎಂದು, ಒಂದೊಂದು ರಷ್ಯನ್ ಅಕ್ಷರವನ್ನೂ ಅದಕ್ಕೆ ಹತ್ತಿರದ ಲ್ಯಾಟಿನ್ ಅಕ್ಷರದ ನೇರಕ್ಕೆ ಕೂರಿಸಿದ್ದರು. ‘ಬ’ ಸ್ವನದ ಅಕ್ಷರದ ಪಕ್ಕದಲ್ಲಿ ‘ತ್ಸ’ ಸ್ವನದ್ದು ಬಂತು, ಏಕೆಂದರೆ ಲ್ಯಾಟಿನ್‌ನಲ್ಲಿ ‘ಬಿ’ ಪಕ್ಕ ‘ಸಿ’ ಇದೆ. ಕೆಟ್ಟ ತಂತಿಮಾರ್ಗಗಳ ಕಾಲಕ್ಕೆ ಅದು ಜಾಣತನದ ಏರ್ಪಾಡು. ಅಕ್ಷರ ಸರಿಸಲು ಹೊರಟವರಿಗೆ ಮಾತ್ರ ಬಲೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ರಷ್ಯನ್ ದೊಡ್ಡಕ್ಷರಗಳು 1040ರಿಂದ 1071ರವರೆಗೆ ಕ್ರಮವಾಗಿವೆ, ಆದರೆ 32 ಮಾತ್ರ. ಏಳನೆಯದಾದ ‘ಯೊ’ ಸಾಲಿನಿಂದ ಹೊರಗೆ 1025ರಲ್ಲಿ ಒಂಟಿಯಾಗಿ ಕೂತಿದೆ. ಅದನ್ನು ಸೇರಿಸಿಕೊಂಡರೆ 33. ಬೆಸಸಂಖ್ಯೆಯಾದ್ದರಿಂದ ಅರ್ಧಸುತ್ತಿನ ಸೌಲಭ್ಯ ಇಲ್ಲ. ಗ್ರೀಕ್‌ನಲ್ಲಿ ತೊಡಕು ಇದರ ತಿರುವು. ಅಕ್ಷರ 24, ಮನೆ 25. ಪದದ ಕೊನೆಯಲ್ಲಿ ಬರುವ ಸಿಗ್ಮಾಗೆ ಬೇರೆ ರೂಪವಿದ್ದು ಅದಕ್ಕೆ 962, ಉಳಿದೆಡೆಯ ಸಿಗ್ಮಾಗೆ 963. ದೊಡ್ಡಕ್ಷರಗಳಲ್ಲಿ ಅದರ ನೇರದ 930ನ್ನು ಖಾಲಿ ಬಿಡಲಾಗಿದೆ.

ಹೀಬ್ರೂನಲ್ಲಿ ಐದು ಅಕ್ಷರಗಳಿಗೆ ಇಂಥ ಅಂತ್ಯರೂಪಗಳಿವೆ. ಯೂನಿಕೋಡ್ ಅವನ್ನು ಮೂಲ ಅಕ್ಷರಕ್ಕೂ ಮುಂಚೆ ಇಟ್ಟಿದೆ. ಯೋದ್ 1497, ಅಂತ್ಯದ ಕಾಫ್ 1498, ಕಾಫ್ 1499. ಮೆಜೂಜಾದ ಬೆನ್ನಿನ ಬರಹದ ಮೂಲ ಪದಗಳನ್ನು ‘ಒಂದು ಕೂಡು’ ಎಂಬ ಪ್ರೋಗ್ರಾಮಿಗೆ ಕೊಟ್ಟರೆ ಯೋದ್‌ನಿಂದ ಅಂತ್ಯದ ಕಾಫ್ ಹುಟ್ಟುತ್ತದೆ, ಅದೂ ಪದದ ಮೊದಲಲ್ಲಿ. ಎರಡನೆಯ ಪದದ ಲಾಮೆದ್ 1500. ಅದಕ್ಕೊಂದು ಕೂಡಿದರೆ ಮೇಮ್ ಬದಲು ಅಂತ್ಯದ ಮೇಮ್. ನೂರಾರು ವರ್ಷಗಳಿಂದ ಲಿಪಿಕಾರರು ಎಡವದೆ ಬರೆದುಕೊಂಡು ಬಂದ ಮೂರು ಪದಗಳನ್ನು ಕಂಪ್ಯೂಟರ್ ತಪ್ಪಾಗಿ ಬರೆಯುತ್ತದೆ. ಲಿಪಿಕಾರರ ಮನಸ್ಸಿನಲ್ಲಿದ್ದದ್ದು 22 ಅಕ್ಷರಗಳ ಸಾಲು, ಯಂತ್ರದಲ್ಲಿದ್ದದ್ದು 27 ಮನೆಗಳ ಕೋಷ್ಟಕ.

ಕನ್ನಡ ಕಂಪ್ಯೂಟರಿನೊಳಗೆ ಬಂದದ್ದು ಎರಡು ಬಾಗಿಲಿನಿಂದ. ಒಂದು, ಅಕ್ಷರದ ಚೂರುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿದ ಫಾಂಟುಗಳು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ‘ಕ’ ಎಂದರೆ ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿರುವ ಚೂರು, ಅದರ ಜೊತೆಗೆ ನೆತ್ತಿಯ ಮೇಲೆ ಗೀಟಿರುವ ದೊಡ್ಡ ‘ಎ’ಯ ಜಾಗದಲ್ಲಿರುವ ತಲೆಕಟ್ಟು. ಫಾಂಟ್ ಇಲ್ಲದ ಯಂತ್ರದಲ್ಲಿ ಇಂಥ ಕಡತ ತೆರೆದಾಗ ಕಂಡದ್ದು ಗೂಢಲಿಪಿಯಂಥದೇ ಗೊಂದಲ. ಚೂರುಗಳ ಸಂಖ್ಯೆಗೂ ವರ್ಣಮಾಲೆಗೂ ಸಂಬಂಧವಿಲ್ಲದ್ದರಿಂದ ಅಲ್ಲಿ ಸರಿಸುವ ಮಾತೇ ಇಲ್ಲ.

ಎರಡನೆಯ ಬಾಗಿಲು ಇಸ್ಕಿ, ಅದರ ಬೆನ್ನಿಗೆ ಯೂನಿಕೋಡ್. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂದು ಪ್ರಕಟಿಸಿದ ಇಸ್ಕಿಯಲ್ಲಿ ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ. ಅದರ 1988ರ ಆವೃತ್ತಿಯನ್ನು ಆಧರಿಸಿ ಯೂನಿಕೋಡ್ ಒಂದೊಂದು ಲಿಪಿಗೂ 128 ಮನೆಗಳ ಬೇರೆ ಬೇರೆ ಕೇರಿ ಕಟ್ಟಿತು; ಆದರೆ ಒಳಗಿನ ಜೋಡಣೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ದೇವನಾಗರಿಯ ‘ಕ’ 2325, ತೆಲುಗಿನ ‘ಕ’ 3093, ಕನ್ನಡದ ‘ಕ’ 3221. ತೆಲುಗು ಬರಹದ ಒಂದೊಂದು ಸಂಕೇತಕ್ಕೂ 128 ಕೂಡಿದರೆ ಬಹುಪಾಲು ಅದೇ ಪದಗಳು ಕನ್ನಡ ಲಿಪಿಯಲ್ಲಿ ಮೂಡುತ್ತವೆ. ದೇವನಾಗರಿಗಾದರೆ 896 ಕೂಡಬೇಕು. ಸೀಸರನ ಉಪಾಯ ಇಲ್ಲಿ ಮರೆಮಾಡುವ ಬದಲು ಲಿಪ್ಯಂತರ ಮಾಡುತ್ತದೆ. ಈ ಚೆಲುವಿಗೆ ತೆತ್ತ ಬೆಲೆ, ನಡುನಡುವೆ ಖಾಲಿ ಮನೆಗಳು. ‘ನ’ 3240, ‘ಪ’ 3242. ನಡುವಿನ 3241 ತಮಿಳಿನ ಇನ್ನೊಂದು ನಕಾರದ ಜಾಗ, ಕನ್ನಡದಲ್ಲಿ ಬರಿದು. ‘ಳ’ 3251, ‘ವ’ 3253. ನಡುವಿನ 3252ರ ನೇರಕ್ಕೆ ತಮಿಳಿನಲ್ಲಿ ಇರುವುದು ‘ೞ’. ಹಳಗನ್ನಡಕ್ಕೂ ಆ ಅಕ್ಷರ ಇತ್ತು, ಆದರೆ ಅದನ್ನು ಅಲ್ಲಿ ಕೂರಿಸದೆ 3294ಕ್ಕೆ ಒಯ್ದು, ‘ಫಾ’ ಎಂಬ ತಪ್ಪು ಹೆಸರನ್ನೂ ಕೊಟ್ಟರು. ಯೂನಿಕೋಡ್‌ನಲ್ಲಿ ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲವಾದ್ದರಿಂದ ತಿದ್ದುಪಡಿಯನ್ನು ಅಡ್ಡಹೆಸರಾಗಿ ಸೇರಿಸಬೇಕಾಯಿತು.

‘ಕನ್ನಡ’ ಎಂಬ ಪದವನ್ನೇ ಒಂದು ಮನೆ ಸರಿಸಿ ನೋಡಬಹುದು. ಕಣ್ಣಿಗೆ ಮೂರು ಅಕ್ಷರ. ಯಂತ್ರದಲ್ಲಿ ಐದು ಸಂಕೇತ: ಕ, ನ, ಅರ್ಧಾಕ್ಷರದ ಗುರುತು, ನ, ಡ. ಎಲ್ಲಕ್ಕೂ ಒಂದು ಕೂಡಿದರೆ ‘ಕ’ ಹೋಗಿ ‘ಖ’, ‘ಡ’ ಹೋಗಿ ‘ಢ’ ಬರುತ್ತದೆ. ಎರಡೂ ನಕಾರಗಳು 3241ರ ಬರಿದು ಮನೆಗೆ ಬೀಳುತ್ತವೆ. 3277ರಲ್ಲಿರುವ ಅರ್ಧಾಕ್ಷರದ ಗುರುತು 3278ಕ್ಕೆ ಹೋಗುತ್ತದೆ. ಅಲ್ಲೂ ಯಾರೂ ಇಲ್ಲ. ಪರದೆಯ ಮೇಲೆ ಖಕಾರ, ಢಕಾರಗಳ ನಡುವೆ ಮೂರು ಖಾಲಿ ಚೌಕಗಳು ಉಳಿಯುತ್ತವೆ. ಇನ್ನು ಸಿ ಭಾಷೆಯಲ್ಲಿ ಬೈಟ್ ಬೈಟಾಗಿ ನಡೆಯುವ ಹಳೆಯ ಪ್ರೋಗ್ರಾಮಿನ ಪಾಡು ಇದಕ್ಕಿಂತ ಕಷ್ಟ. ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಕ’ ಒಂದೇ ಮೂರು ಬೈಟ್, 224, 178, 149. ಅವನ್ನು ಬೇರೆಬೇರೆಯಾಗಿ ಸರಿಸಿದರೆ ಅಕ್ಷರ ಒಡೆದೇ ಹೋಗುತ್ತದೆ.

ಪರಿಹಾರ ಹೀಬ್ರೂ ಲಿಪಿಕಾರರದೇ: ಯಂತ್ರದ ಸಂಖ್ಯೆಗಳನ್ನು ಬದಿಗಿಟ್ಟು ಸಾಲನ್ನು ಕೈಯಾರೆ ಬರೆದುಕೊಳ್ಳುವುದು. ಯಾವ ಸಾಲು ಎಂಬುದನ್ನು ಮೊದಲು ತೀರ್ಮಾನಿಸಬೇಕು, ಏಕೆಂದರೆ ಕನ್ನಡದ ಸಾಲು ಕಾಲದಿಂದ ಕಾಲಕ್ಕೆ ಬದಲಾಗಿದೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡಕ್ಕೆ 47 ಶುದ್ಧಗೆಗಳನ್ನು, ಅಂದರೆ ಶುದ್ಧ ವರ್ಣಗಳನ್ನು, ಎಣಿಸಿದ. ಅದರಲ್ಲಿ ಱ, ೞಗಳಿಗೂ ಜಾಗವಿತ್ತು. ಇಂದಿನ ಶಾಲೆಯ ಲೆಕ್ಕ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಶಾಲೆಯಲ್ಲಿ ‘ಳ’ ಕೊನೆಯದು, ಹಕಾರದ ನಂತರ; ಯೂನಿಕೋಡ್‌ನಲ್ಲಿ ಅದು ಲಕಾರದ ಪಕ್ಕ. ಹಳಗನ್ನಡದ ಎರಡು ಅಕ್ಷರ ಸೇರಿಸಿದರೆ ಚಕ್ರ 36 ಮನೆಯದಾಗುತ್ತದೆ. 34ರ ಚಕ್ರದಲ್ಲಿ ಮುಚ್ಚಿದ್ದು ಅದರಲ್ಲಿ ಬಿಚ್ಚುವುದಿಲ್ಲ. ಕಗ್ಗಂಟಿಲ್ಲದ ಆಯ್ಕೆಯೆಂದರೆ ಶಾಲೆಯ ಕ್ರಮದ 34 ವ್ಯಂಜನಗಳನ್ನು ಒಂದು ಪಟ್ಟಿಯಾಗಿ ಬರೆದು, ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಅರ್ಧಾಕ್ಷರದ ಗುರುತುಗಳನ್ನು ಮುಟ್ಟದೆ ಬಿಡುವುದು. ಪ್ರೋಗ್ರಾಮ್ ಒಂದೊಂದು ಸಂಕೇತವನ್ನೂ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕಿದರೆ ಅದರ ಸ್ಥಾನಕ್ಕೆ ಕೀಲಿ ಕೂಡಿ 34ರಿಂದ ಭಾಗಿಸಿದ ಶೇಷದ ಜಾಗದಲ್ಲಿರುವುದನ್ನು ಬರೆಯುತ್ತದೆ. ಸಿಗದಿದ್ದರೆ ಇದ್ದಂತೆಯೇ ಬಿಡುತ್ತದೆ. ಬಿಚ್ಚುವಾಗ ಕೀಲಿ ಕಳೆಯಬೇಕು. ಆಗ ಮೈನಸ್ 5 ಬಂದರೆ ಪೈಥಾನ್ ಶೇಷವನ್ನು 29 ಎಂದು ಸರಿಯಾಗಿ ಕೊಡುತ್ತದೆ, ಸಿ ಭಾಷೆ ಮೈನಸ್ 5 ಎಂದೇ ಕೊಡುತ್ತದೆ. ಅಲ್ಲಿ ಮೊದಲೇ 34 ಕೂಡಿಕೊಳ್ಳಬೇಕು.

ಈ ರೀತಿ ಒಂದು ಮನೆ ಸರಿಸಿದರೆ ‘ಕನ್ನಡ’ ಎಂಬುದು ‘ಖಪ್ಪಢ’ ಆಗುತ್ತದೆ. ಒತ್ತಕ್ಷರ ಒತ್ತಕ್ಷರವಾಗಿಯೇ ಉಳಿಯಿತು, ಓದಲೂ ಬರುತ್ತದೆ. ಆದರೆ ಒಂದು ಮನೆಯ ಕೀಲಿ ಕನ್ನಡಕ್ಕೆ ತೀರ ಕೆಟ್ಟದ್ದು. ದಿನಬಳಕೆಯ ಕ, ಗ, ಡ, ತ, ದ, ಪ, ಬಗಳೆಲ್ಲ ಮಹಾಪ್ರಾಣಗಳಾಗಿ ಬಿಡುತ್ತವೆ. ಅಚ್ಚಗನ್ನಡ ಮಾತಿನಲ್ಲಿ ಮಹಾಪ್ರಾಣ ಅಪರೂಪವಾದ್ದರಿಂದ ಪುಟದ ತುಂಬ ಖ, ಘ, ಢ, ಥಗಳು ಎದ್ದು ಕಾಣುತ್ತವೆ, ನೋಡಿದವರಿಗೆ ಕೀಲಿಯೇ ಸಿಕ್ಕಂತಾಗುತ್ತದೆ. ಮೂಲದೇವೀಯದ ಹಾಗೆ ಐದು ಮನೆ ಸರಿಸುವುದು ವಾಸಿ. ಅಲ್ಪಪ್ರಾಣ ಅಲ್ಪಪ್ರಾಣಕ್ಕೆ, ಅನುನಾಸಿಕ ಅನುನಾಸಿಕಕ್ಕೆ ಹೋಗುತ್ತದೆ. ಸಾಲು ಕೆಡುವುದು ತವರ್ಗ ದಾಟಿದ ಮೇಲೆ ಮಾತ್ರ. ‘ಕನ್ನಡ’ ಆಗ ‘ಚಮ್ಮದ’, ‘ಸಂಗ’ ಎಂಬುದು ‘ಗಂಜ’, ‘ಮೈಸೂರು’ ಎಂಬುದು ‘ಶೈಗೂಸು’. ಕನ್ನಡದ ರಾಟ್-13 ಬೇಕಿದ್ದರೆ 34ರ ಅರ್ಧವಾದ 17 ಇದೆ: ಕ–ದ, ಗ–ನ, ಡ–ಶ ಜೋಡಿಯಾಗಿ ‘ಕನ್ನಡ’ ಎಂಬುದು ‘ದಗ್ಗಶ’, ಇನ್ನೊಮ್ಮೆ ಸರಿಸಿದರೆ ಮರಳಿ ‘ಕನ್ನಡ’. ಸ್ವತಂತ್ರ ಅಕ್ಷರಗಳೆಂದು ಕೆಲವರು ಎಣಿಸುವ ಕ್ಷ, ಜ್ಞಗಳು ಯಂತ್ರಕ್ಕೆ ಸಂಯುಕ್ತಾಕ್ಷರಗಳೇ. ಐದು ಮನೆ ಸರಿದಾಗ ಅವು ಚ್ಖ, ಡ್ಣ ಆಗುತ್ತವೆ, ಹಿಂದಿರುಗುವಾಗ ಸರಿಯಾಗಿಯೇ ಹಿಂದಿರುಗುತ್ತವೆ.

ಕಣ್ಣಿಗೆ ಕಾಣದ ಸಂಕೇತಗಳ ಬಗ್ಗೆಯೂ ಎಚ್ಚರ ಬೇಕು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ತಡೆಯುವುದು 8204 ಎಂಬ ಅಗಲವಿಲ್ಲದ ಸಂಕೇತ. ಅದನ್ನು ಉಳಿಸಿಕೊಂಡರೆ ಐದು ಮನೆಯ ಕೀಲಿಯಲ್ಲಿ ‘ಸಾಡ್‌ಚುಶಾಸ್’ ಬರುತ್ತದೆ. ಅಕ್ಷರಗಳನ್ನಷ್ಟೇ ಹೆಕ್ಕುವ ಪ್ರೋಗ್ರಾಮ್ ಅದನ್ನು ಬಿಸಾಡಿದರೆ ಬಿಚ್ಚಿದಾಗ ಸಿಗುವುದು ‘ರಾಜ್ಕುಮಾರ್’.

ಸ್ವರಗಳನ್ನೂ ಸರಿಸಬೇಕೆಂದರೆ ಕೆಲಸ ಹೆಚ್ಚುತ್ತದೆ. ವ್ಯಂಜನದ ಜೊತೆ ಒಂದೇ ಚಕ್ರದಲ್ಲಿ ಹಾಕುವಂತಿಲ್ಲ. ಹಾಕಿದರೆ ವ್ಯಂಜನವಿದ್ದ ಕಡೆ ಸ್ವರ ಬಂದು, ಅದರ ನಂತರದ ಗುಣಿತಚಿಹ್ನೆಗೆ ನೆಲೆಯಿಲ್ಲದಾಗಿ ಪರದೆಯ ಮೇಲೆ ಚುಕ್ಕಿಗಳ ವೃತ್ತ ಮೂಡುತ್ತದೆ. 13 ಮನೆಗಳ ಬೇರೆ ಚಕ್ರವೇ ಬೇಕು. ಅಲ್ಲಿ ‘ಅ’ ಒಂದು ವಿಶೇಷ: ಸ್ವತಂತ್ರವಾಗಿ ಬಂದಾಗ ಅದಕ್ಕೆ ರೂಪವಿದೆ, ವ್ಯಂಜನದೊಳಗೆ ಸೇರಿದಾಗ ಚಿಹ್ನೆಯೇ ಇಲ್ಲ. ಒಂದು ಮನೆ ಸರಿದು ‘ಆ’ ಆಗಬೇಕಾದರೆ ಇಲ್ಲದಿದ್ದ ಚಿಹ್ನೆಯನ್ನು ಪ್ರೋಗ್ರಾಮ್ ಸೇರಿಸಬೇಕು. ‘ಔ’ ಸುತ್ತಿಬಂದು ‘ಅ’ ಆದಾಗ ಇದ್ದ ಚಿಹ್ನೆಯನ್ನು ಅಳಿಸಬೇಕು. ಎರಡೂ ಚಕ್ರಗಳು ಒಂದೊಂದು ಮನೆ ತಿರುಗಿದರೆ ‘ಕನ್ನಡ’ ಎಂಬುದು ‘ಖಾಪ್ಪಾಢಾ’ ಆಗಿ ಐದು ಸಂಕೇತಗಳ ಪದ ಎಂಟಕ್ಕೆ ಬೆಳೆಯುತ್ತದೆ. ‘ಮೈಸೂರು’ ಎಂಬುದು ‘ಯೊಹೃಲೂ’. ಇನ್ನೂ ಒಂದು ಸಿಕ್ಕು: ‘ೊ’ ಎಂಬ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಕೊಂಬಿನ ದೀರ್ಘ ಸೇರಿದ ಎರಡು ಸಂಕೇತಗಳಾಗಿಯೂ ಬರೆಯಲು ಯೂನಿಕೋಡ್ ಬಿಡುತ್ತದೆ. ಎರಡೂ ಕಣ್ಣಿಗೆ ಒಂದೇ. ಸರಿಸುವ ಮೊದಲು ಬರಹವನ್ನೆಲ್ಲ ಒಂದೇ ರೂಪಕ್ಕೆ ತಾರದಿದ್ದರೆ ಒಂದೇ ಪದ ಎರಡು ಬಗೆಯಾಗಿ ಮುಚ್ಚಿಕೊಳ್ಳುತ್ತದೆ.

ಗುಟ್ಟು ಕಾಯುವ ಶಕ್ತಿ ಈ ಪದ್ಧತಿಗೆ ಯಾವ ಲಿಪಿಯಲ್ಲೂ ಹೆಚ್ಚಿಲ್ಲ. ಸಿಸಿಲಿಯ ಮಾಫಿಯಾ ಮುಖ್ಯಸ್ಥ ಬೆರ್ನಾರ್ದೋ ಪ್ರೊವೆನ್ಸಾನೋ ತನ್ನ ಚೀಟಿಗಳಲ್ಲಿ ಹೆಸರುಗಳನ್ನು ಅಂಕಿಗಳಾಗಿ ಬರೆಯುತ್ತಿದ್ದ: ‘ಎ’ಗೆ 4, ‘ಬಿ’ಗೆ 5, ಅಂದರೆ ಸೀಸರನ ಅದೇ ಮೂರು ಮನೆ. 2006ರ ಏಪ್ರಿಲ್‌ನಲ್ಲಿ ಅವನು ಸೆರೆಸಿಕ್ಕಾಗ ಆ ಚೀಟಿಗಳೂ ಸಿಕ್ಕವು, ಅವನ್ನು ಓದಲು ಪೊಲೀಸರಿಗೆ ತೊಂದರೆಯಾಗಲಿಲ್ಲ. ಕನ್ನಡದಲ್ಲಿ ವ್ಯಂಜನ ಚಕ್ರವೊಂದನ್ನೇ ತಿರುಗಿಸಿದರೆ 33 ಕೀಲಿ. ಸ್ವರಚಕ್ರವನ್ನೂ ಸೇರಿಸಿದರೆ 34ರ 13 ಪಾಲು 442, ಅದರಲ್ಲಿ ಏನೂ ಸರಿಯದ ಒಂದನ್ನು ಬಿಟ್ಟರೆ 441. ಕಂಪ್ಯೂಟರ್ ಇಲ್ಲದೆಯೂ ಅಲ್-ಕಿಂದಿಯ ದಾರಿಯಲ್ಲಿ ಬಿಡಿಸಬಹುದು. ಐದು ಮನೆ ಸರಿಸಿದಾಗ ‘ಮನೆಯಲ್ಲಿ’ ಎಂಬುದು ‘ಶಮೆಷಹ್ಹಿ’, ‘ಊರಿನಲ್ಲಿ’ ಎಂಬುದು ‘ಊಸಿಮಹ್ಹಿ’. ಪದದ ಕೊನೆಯಲ್ಲಿ ಮತ್ತೆ ಮತ್ತೆ ‘ಹ್ಹಿ’ ಕಂಡಾಗ, ಕನ್ನಡದಲ್ಲಿ ಹೀಗೆ ದ್ವಿತ್ವವಾಗಿ ಇಕಾರ ಹೊತ್ತು ಪದಾಂತ್ಯದಲ್ಲಿ ಪದೇ ಪದೇ ಬರುವುದು ‘ಲ್ಲಿ’ ಎಂದು ಊಹಿಸಲು ಹೆಚ್ಚು ಹೊತ್ತು ಬೇಕಿಲ್ಲ. ಲಕಾರದಿಂದ ಹಕಾರಕ್ಕೆ ಬೆರಳು ಮಡಚಿ ಎಣಿಸಿದರೆ ವ, ಶ, ಷ, ಸ, ಹ, ಐದು ಮನೆ.